ಚೀಟಿಯಲ್ಲಿ 48.60 ಹೋಗಿ 4.60 ಬರ್ತಿದೆ: ಯುಆರ್ಟ್ ಇಂಟರಪ್ಟ್, ಫ್ರೀಆರ್‌ಟಿಒಎಸ್, ಬೈಟ್ ಎಲ್ಲಿ ಕಳೀತಿದೆ?

ಗೋಕುಲ ರೋಡ್ ಸೋಲ್ಡರ್ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ನಮ್ಮ ಡಬ್ಬಿಯೊಂದು ಕೂತಿದೆ. ಮೆಣಸಿನಕಾಯಿ ಚೀಲ ಎಲೆಕ್ಟ್ರಾನಿಕ್ ಕಾಟಾ ಮೇಲೆ ಬರುತ್ತದೆ. ಕಾಟಾದ ಇಂಡಿಕೇಟರ್‌ನಿಂದ (ತೂಕ ತೋರಿಸುವ ಡಬ್ಬಿ) ಆರ್‌ಎಸ್232 ಸೀರಿಯಲ್ ತಂತಿಯಲ್ಲಿ ತೂಕ ನಮ್ಮ ಬೋರ್ಡಿಗೆ ಬರುತ್ತದೆ. ಹುಡುಗ ಸ್ವಿಚ್ ಒತ್ತಿದರೆ ಚೀಟಿ ಮುದ್ರಣವಾಗುತ್ತದೆ, ಲೆಕ್ಕ 4ಜಿ ಮೋಡೆಮ್‌ನಿಂದ ಆಫೀಸಿಗೆ ಹೋಗುತ್ತದೆ. ಇಂಡಿಕೇಟರ್ ಒಳಗೆ ಕೈ ಹಾಕುವಂತಿಲ್ಲ, ಮಾಪನ ಇಲಾಖೆಯ ಸೀಲ್ ಇದೆ. ಅದು ಹೇಳಿದ್ದನ್ನು ನಾವು ಕೇಳಿಸಿಕೊಳ್ಳಬೇಕು, ಅಷ್ಟೇ.

ಬೋರ್ಡು ಬ್ಲೂ ಪಿಲ್, ಅಂದರೆ ಎಸ್‌ಟಿಎಂ32ಎಫ್103ಸಿ8 ಚಿಪ್, 72 ಮೆಗಾಹರ್ಟ್ಸ್. ತಂತಿಯ ಬೈಟ್ ಕೇಳಿಸಿಕೊಳ್ಳುವುದು ಅದರೊಳಗಿನ ಯುಆರ್ಟ್ ಅನ್ನೋ ಸೀರಿಯಲ್ ಭಾಗ. ಮೇಲೆ ಫ್ರೀಆರ್‌ಟಿಒಎಸ್, ಅಂದರೆ ಟಾಸ್ಕ್‌ಗಳನ್ನು (ಕೆಲಸಗಳನ್ನು) ಸರದಿಯಲ್ಲಿ ಓಡಿಸುವ ಪುಟ್ಟ ಆಪರೇಟಿಂಗ್ ಸಿಸ್ಟಮ್ (ಆರ್‌ಟಿಒಎಸ್). ಕೋಡ್ ಬರೆದವರು ಈಗ ಬೆಂಗಳೂರಿನಲ್ಲಿದ್ದಾರೆ, ಫೋನ್ ಎತ್ತುವುದಿಲ್ಲ. ಹ್ಯಾಲ್ ಅನ್ನೋ ರೆಡಿಮೇಡ್ ಲೈಬ್ರರಿ ಇಲ್ಲ, ಎಲ್ಲಾ ನೇರ ರಿಜಿಸ್ಟರ್ (ಚಿಪ್‌ನೊಳಗಿನ ಪುಟ್ಟ ಖಾನೆ).

ಇಂಡಿಕೇಟರ್ 9600 ಬಾಡ್ (ಸೆಕೆಂಡಿಗೆ 9600 ಬಿಟ್), 8 ಬಿಟ್, ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್) ಇಲ್ಲ, 1 ಸ್ಟಾಪ್ ಬಿಟ್. ಒಂದು ಫ್ರೇಮ್‌ಗೆ 12 ಅಕ್ಷರ: ಪ್ಲಸ್ ಗುರುತು, ಎರಡು ಖಾಲಿ ಜಾಗ, 48.60 ಅನ್ನೋ ಐದು ಅಕ್ಷರ, ಕೆ, ಜಿ, ಕೊನೆಗೆ ಸಾಲು ಮುಗಿಸುವ ಸಿಆರ್, ಎಲ್‌ಎಫ್. ಉಸಿರು ಬಿಡದೆ ಒಂದರ ಹಿಂದೆ ಒಂದು ಕಳಿಸುತ್ತಲೇ ಇರುತ್ತದೆ. ಫ್ರೇಮ್ ಸರಿ ಇದೆಯಾ ಅಂತ ತಾಳೆ ನೋಡುವ ಚೆಕ್‌ಸಮ್ ಇಲ್ಲ.

ತೊಂದರೆ ಎರಡು. ಒಂದು, ಬೋರ್ಡು ಯಾವಾಗಲೋ ಒಮ್ಮೆ ಪೂರ್ತಿ ಹೆಪ್ಪುಗಟ್ಟುತ್ತದೆ, ಆಫ್ ಮಾಡಿ ಆನ್ ಮಾಡಬೇಕು. ಎರಡನೆಯದು ಹೆದರಿಕೆ ಹುಟ್ಟಿಸುವಂಥದ್ದು. ಕಾಟಾದ ಮೇಲೆ 48.60 ಕಾಣುತ್ತಿದೆ, ಚೀಟಿಯಲ್ಲಿ 4.60. ಕ್ವಿಂಟಲ್‌ಗೆ 30,000 ರೂಪಾಯಿ ದರ ಅಂತ ಹಿಡಿದರೆ ಒಂದೇ ಚೀಟಿಯಲ್ಲಿ 13,200 ರೂಪಾಯಿ ಮಾಯ. ಅಂಗಡಿಯವರು ಇನ್ನೂ ಬೈದಿಲ್ಲ, ಆದರೆ ಧ್ವನಿ ಬದಲಾಗಿದೆ.

ಬೆಟಗೇರಿ ಮೀಟರ್ (ಗದಗ)

ಹೆಪ್ಪುಗಟ್ಟೋದು ಮೊದಲು ನೋಡೋಣ, ಅದು ನೂರಕ್ಕೆ ತೊಂಬತ್ತು ಸಲ ಒಂದೇ ಕಾರಣ. ಯುಆರ್ಟ್ ಇಂಟರಪ್ಟ್‌ಗೆ (ಬೈಟ್ ಬಂತು ಅಂತ ಪ್ರೊಸೆಸರನ್ನು ತಡೆದು ಕರೆಯುವ ಸಂಕೇತ) ಪ್ರಯಾರಿಟಿ ಕೊಟ್ಟಿದ್ದಾರಾ ನೋಡ್ರಿ. ಕೊಡದಿದ್ದರೆ ರಿಸೆಟ್ ಆದಾಗ ಇದ್ದ 0 ಹಾಗೇ ಇರುತ್ತದೆ. ಈ ಚಿಪ್‌ನ ಪ್ರೊಸೆಸರ್ ಆದ ಕಾರ್ಟೆಕ್ಸ್-ಎಂನಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಅಧಿಕಾರ ಜಾಸ್ತಿ. 0 ಅಂದರೆ ಎಲ್ಲರಿಗಿಂತ ಮೇಲೆ, ಫ್ರೀಆರ್‌ಟಿಒಎಸ್‌ನ ತಿರುಳಾದ ಕರ್ನಲ್‌ಗೂ ಬಗ್ಗಲ್ಲ.

ಫ್ರೀಆರ್‌ಟಿಒಎಸ್ ತನ್ನ ಒಳಗಿನ ಪಟ್ಟಿಗಳನ್ನು ತಿದ್ದುವಾಗ ಬೇಸ್‌ಪ್ರೈ ರಿಜಿಸ್ಟರ್‌ನಿಂದ ಇಂಟರಪ್ಟ್‌ಗಳನ್ನು ತಡೆಯುತ್ತದೆ. ಆದರೆ ಎಲ್ಲವನ್ನೂ ಅಲ್ಲ, ಕಾನ್ಫಿಗ್ ಫೈಲಿನ ಮ್ಯಾಕ್ಸ್ ಸಿಸ್‌ಕಾಲ್ ಪ್ರಯಾರಿಟಿ ಮತ್ತು ಅದಕ್ಕಿಂತ ಕೆಳಗಿನವನ್ನು ಮಾತ್ರ. ಈ ಚಿಪ್‌ನಲ್ಲಿ ಪ್ರಯಾರಿಟಿಗೆ 4 ಬಿಟ್, ಅಂದರೆ 0ಯಿಂದ 15. ಆ ಗೆರೆ 5ಕ್ಕೆ ಇದ್ದರೆ 5ರಿಂದ 15ರ ಒಳಗಿನ ಐಎಸ್‌ಆರ್ (ಇಂಟರಪ್ಟ್ ಬಂದಾಗ ಓಡುವ ಕೋಡ್) ಮಾತ್ರ ಕರ್ನಲ್‌ನ ಕ್ಯೂ, ಸೆಮಫೋರ್ ಮುಟ್ಟಬಹುದು. 0ಯಲ್ಲಿ ಕೂತ ಐಎಸ್‌ಆರ್ ಕರ್ನಲ್ ಪಟ್ಟಿ ಅರ್ಧ ತಿದ್ದಿರುವಾಗಲೇ ನುಗ್ಗಿ ಅದೇ ಪಟ್ಟಿಗೆ ಕೈ ಹಾಕುತ್ತದೆ. ನೂರು ಸಲ ಏನೂ ಆಗಲ್ಲ. ನೂರಾ ಒಂದನೇ ಸಲ ಪಟ್ಟಿ ಹರಿಯುತ್ತದೆ.

ಇನ್ನೊಂದು, ಕಾನ್ಫಿಗ್ ಅಸರ್ಟ್ ಆನ್ ಇದೆಯಾ? ಇದ್ದರೆ ಕರ್ನಲ್ ತಾನೇ ಈ ಪ್ರಯಾರಿಟಿ ಪರೀಕ್ಷೆ ಮಾಡಿ ಅಲ್ಲೇ ನಿಲ್ಲುತ್ತದೆ. ಮಾರುಕಟ್ಟೆಯಲ್ಲಿ ಕೂತು ತಲೆ ಕೆರೆದುಕೊಳ್ಳುವ ಬದಲು ಮೇಜಿನ ಮೇಲೇ ಗೊತ್ತಾಗುತ್ತದೆ.

ಹಳೇ 8051 (ಧಾರವಾಡ)

ಮೊದಲು ತಂತಿ ನೋಡಿ. ಕಾಟಾದ ಪಕ್ಕ ಮೋಟರ್, ಚೀಲ ಹೊಲಿಯುವ ಮಷಿನ್ ಏನಾದರೂ ಇದೆಯಾ? ಗ್ರೌಂಡ್ ಸರಿ ಇದೆಯಾ? ಈಗಿನ ಹುಡುಗರು ಎಲ್ಲದಕ್ಕೂ ಸಾಫ್ಟ್‌ವೇರ್ ಹುಡುಕುತ್ತಾರೆ.

ಇನ್ನು, ಒಂದು ತೂಕ ಓದಿ ಚೀಟಿ ಹೊಡೆಯುವುದಕ್ಕೆ ಆರ್‌ಟಿಒಎಸ್ ಯಾಕೆ ಬೇಕು? ನಾವು 8051 ಅನ್ನೋ ಹಳೇ ಚಿಪ್‌ನಲ್ಲಿ 11.0592 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕುತ್ತಿದ್ದೆವು. ಟಿಎಚ್1 ಟೈಮರ್ ರಿಜಿಸ್ಟರ್‌ಗೆ 253 ಬರೆದರೆ ಕರೆಕ್ಟಾಗಿ 9600. ಒಂದು ಸೀರಿಯಲ್ ಇಂಟರಪ್ಟ್, ಒಂದು ದೊಡ್ಡ ಲೂಪ್. ವರ್ಷಗಟ್ಟಲೆ ಓಡಿವೆ.

ಆರನೇ ಸೆಮ್ (ಹುಬ್ಬಳ್ಳಿ)

ಸರ್, ಒಂದು ದಡ್ಡ ಪ್ರಶ್ನೆ. 9600 ಅಂದರೆ ನಿಧಾನ ಅಲ್ವಾ? ಇಂಟರಪ್ಟ್ ಯಾಕೆ ಬೇಕು? ಒಂದು ಟಾಸ್ಕ್ ಆರ್‌ಟಿಒಎಸ್ ಗಡಿಯಾರದ ಪ್ರತಿ 1 ಮಿಲಿಸೆಕೆಂಡ್ ಟಿಕ್‌ಗೆ ಎದ್ದು, ಬೈಟ್ ಬಂದಿದ್ದರೆ ಎತ್ತಿಕೊಂಡರೆ ಆಗಲ್ವಾ?

ಸಾಧನಕೇರಿ ಸ್ಕೋಪ್ (ಧಾರವಾಡ)

ದಡ್ಡ ಪ್ರಶ್ನೆ ಏನಲ್ಲ. ಲೆಕ್ಕ ಹಾಕೋಣ. ಒಂದು ಅಕ್ಷರಕ್ಕೆ ಸ್ಟಾರ್ಟ್ 1, ಡೇಟಾ 8, ಸ್ಟಾಪ್ 1, ಒಟ್ಟು 10 ಬಿಟ್. 9600ಕ್ಕೆ ಸೆಕೆಂಡಿಗೆ 960 ಅಕ್ಷರ, ಅಕ್ಷರಕ್ಕೆ 1.04 ಮಿಲಿಸೆಕೆಂಡ್. ನಿನ್ನ ಟಾಸ್ಕ್ 1 ಮಿಲಿಸೆಕೆಂಡ್‌ಗೆ ಒಮ್ಮೆ ಏಳುತ್ತದೆ. ಉಳಿದದ್ದು 0.04. ಪಕ್ಕದ ಟಾಸ್ಕ್ ಸ್ವಲ್ಪ ತಡ ಮಾಡಿದರೆ ಬೈಟ್ ಹೋಯಿತು. ಮೋಡೆಮ್ ಇರುವ 115200ರಲ್ಲಿ ಅಕ್ಷರಕ್ಕೆ ಸುಮಾರು 87 ಮೈಕ್ರೋಸೆಕೆಂಡ್, ಅಲ್ಲಂತೂ ಟಿಕ್ ನಂಬಿದರೆ ಮುಗೀತು. ಎಫ್103ರ ಯುಆರ್ಟ್‌ಗೆ ಫಿಫೋ (ಬೈಟ್‌ಗಳು ಸಾಲಾಗಿ ಕಾಯುವ ಜಾಗ) ಇಲ್ಲ. ಒಂದು ಡೇಟಾ ರಿಜಿಸ್ಟರ್, ಅದರ ಹಿಂದೆ ಒಂದು ಶಿಫ್ಟ್ ರಿಜಿಸ್ಟರ್. ಇಷ್ಟೇ ಜಾಗ.

ಹಾಗಾಗಿ ಇಂಟರಪ್ಟ್. ಅದು ಚೀಲ ಇಳಿಸುವ ಹಮಾಲನ ಹಾಗೆ ಇರಬೇಕು. ಚೀಲ ಇಳಿಸಬೇಕು, ಗುಮಾಸ್ತನಿಗೆ ಒಂದು ಕೂಗು ಹಾಕಬೇಕು, ಹೋಗಬೇಕು. ಲೆಕ್ಕ ಬರೆಯೋಕೆ ಅಲ್ಲೇ ಕೂತರೆ ಹಿಂದಿನ ಗಾಡಿ ನಿಲ್ಲುತ್ತದೆ.

ತಂತಿಯ ಬಗ್ಗೆ 8051 ಸರ್ ಹೇಳಿದ್ದನ್ನು ಒಂದು ಕಾರಣಕ್ಕೆ ಒಪ್ಪುವುದಿಲ್ಲ. ನಾಯ್ಸ್ ಬಂದರೆ 8 ಇದ್ದದ್ದು ಇನ್ನೇನೋ ಆಗುತ್ತದೆ, ಕಸದ ಅಕ್ಷರ ಬರುತ್ತದೆ, ಫ್ರೇಮಿಂಗ್ ಎರರ್ ಬರುತ್ತದೆ. ಇಲ್ಲಿ 8 ಕೆಟ್ಟಿಲ್ಲ, ನೀಟಾಗಿ ಮಾಯ ಆಗಿದೆ. ಆಚೀಚಿನ ಅಕ್ಷರ ಶುದ್ಧವಾಗಿವೆ. ಇದು ಎತ್ತಿಕೊಳ್ಳದೆ ಬಿಟ್ಟ ಬೈಟ್. ಪ್ಯಾರಿಟಿ ಇದ್ದಿದ್ದರೂ ಸಿಗುತ್ತಿರಲಿಲ್ಲ, ಬರದೇ ಇರುವ ಅಕ್ಷರಕ್ಕೆ ಪ್ಯಾರಿಟಿ ಎಲ್ಲಿಂದ?

ಹಾಗಾದರೆ ಕೇಳಬೇಕಾದದ್ದು ಒಂದೇ. 72 ಮೆಗಾಹರ್ಟ್ಸ್ ಪ್ರೊಸೆಸರ್‌ಗೆ 1 ಮಿಲಿಸೆಕೆಂಡ್ ಅಂದರೆ 72,000 ಕ್ಲಾಕ್. ಇಷ್ಟು ಹೊತ್ತು ಇಂಟರಪ್ಟ್‌ಗೆ ಜಾಗ ಕೊಡದೆ ಪ್ರೊಸೆಸರ್ ಹಿಡಿದುಕೊಂಡವರು ಯಾರು? ಉದ್ದದ ಕ್ರಿಟಿಕಲ್ ಸೆಕ್ಷನ್ (ಇಂಟರಪ್ಟ್ ತಡೆದು ಓಡುವ ಕೋಡ್) ಇದೆಯಾ? ಬೇರೆ ಐಎಸ್‌ಆರ್‌ನಲ್ಲಿ ಪ್ರಿಂಟ್ಎಫ್ ಇದೆಯಾ? ಓವರ್‌ರನ್ ಫ್ಲ್ಯಾಗ್ (ಹಿಂದಿನ ಬೈಟ್ ಎತ್ತುವ ಮೊದಲೇ ಇನ್ನೊಂದು ಬಂತು ಅನ್ನೋ ಗುರುತು) ಯಾರಾದರೂ ನೋಡುತ್ತಿದ್ದಾರಾ?

ಗೋಕುಲ ರೋಡ್ ಸೋಲ್ಡರ್ (ಹುಬ್ಬಳ್ಳಿ)

ಬೆಟಗೇರಿ ಅಣ್ಣಾ, ಸರಿಯಾಗಿ ಹಿಡಿದಿರಿ. ಪ್ರಯಾರಿಟಿ ಸೆಟ್ ಮಾಡುವ ಸಾಲೇ ಇರಲಿಲ್ಲ. ಅಸರ್ಟ್ ಆನ್ ಮಾಡಿದ ತಕ್ಷಣ, ಕಾಟಾದ ತಂತಿ ಚುಚ್ಚಿದ ಮೊದಲ ಬೈಟಿಗೇ ನಿಂತಿತು. ಈಗ ಕಾಟಾ ಯುಆರ್ಟ್‌ನ ಪ್ರಯಾರಿಟಿ 6, ಮೋಡೆಮ್‌ನದು 7. ಗ್ರೂಪಿಂಗ್‌ನಲ್ಲಿ ನಾಲ್ಕೂ ಬಿಟ್ ಪ್ರಿಎಂಪ್ಶನ್‌ಗೆ (ಒಂದನ್ನು ತಡೆದು ಇನ್ನೊಂದು ನುಗ್ಗುವುದಕ್ಕೆ). ಆಮೇಲೆ ಹೆಪ್ಪುಗಟ್ಟಿಲ್ಲ.

ಅಂಕೆ ಕಳೆಯುವುದು ಮಾತ್ರ ನಿಂತಿಲ್ಲ.

ಐಎಸ್‌ಆರ್ ಪ್ರತಿ ಬೈಟಿಗೂ ಕ್ಯೂಗೆ ಹಾಕುತ್ತದೆ. ಕೊನೆಗೆ ಈಲ್ಡ್ ಮಾಡುವ, ಅಂದರೆ ಎದ್ದ ಟಾಸ್ಕ್‌ಗೆ ಕೂಡಲೇ ಸರದಿ ಕೊಡುವ ಕರೆ ಇಲ್ಲ. ಓವರ್‌ರನ್ ಯಾರೂ ನೋಡುತ್ತಿಲ್ಲ. ಕ್ರಿಟಿಕಲ್ ಸೆಕ್ಷನ್‌ಗಳನ್ನು ಹುಡುಕಿದೆ, ಎಲ್ಲಾ ಎರಡು ಮೂರು ಸಾಲಿನವು. 8051 ಸರ್, ತಂತಿ ಬದಲಿಸಿ ನೋಡಿದೆವು, ಶೀಲ್ಡ್ ಇರುವ ಹೊಸದು. ವ್ಯತ್ಯಾಸ ಇಲ್ಲ.

ರಾಣೆಬೆನ್ನೂರು ಪಂಪ್ (ಹಾವೇರಿ)

ಕ್ಯೂನಲ್ಲಿ ಬೈಟ್ ಬೈಟ್ ಹಾಕೋದು ಫ್ರೀಆರ್‌ಟಿಒಎಸ್ ಡೆಮೋಗಳಲ್ಲಿ ಇದೆ ಅಂತ ಎಲ್ಲರೂ ಕಾಪಿ ಹೊಡೆಯುತ್ತಾರೆ. ಆ ಡೆಮೋ ಕರ್ನಲ್‌ಗೆ ಒತ್ತಡ ಹಾಕಿ ಪರೀಕ್ಷಿಸಲು ಬರೆದದ್ದು, ಅವರ ದಾಖಲೆಯಲ್ಲೇ ಇದು ಸಮರ್ಥ ದಾರಿ ಅಲ್ಲ ಅಂತ ಹೇಳಿದ್ದಾರೆ. ಆವೃತ್ತಿ 10ರಿಂದ ಸ್ಟ್ರೀಮ್ ಬಫರ್ (ಬೈಟ್‌ಗಳನ್ನು ಸಾಲಾಗಿ ಕೂಡಿಡುವ ಜಾಗ) ಇದೆ. ಬರೆಯುವವರು ಒಬ್ಬರು, ಓದುವವರು ಒಬ್ಬರು ಇದ್ದರೆ ಅದು ಸಾಕು. ಟ್ರಿಗರ್ ಲೆವೆಲ್ 12 ಇಟ್ಟರೆ ಟಾಸ್ಕ್ ಪ್ರತಿ ಬೈಟಿಗೂ ಏಳುವುದಿಲ್ಲ, ಒಂದು ಫ್ರೇಮ್‌ನಷ್ಟು ಸೇರಿದಾಗ ಏಳುತ್ತದೆ.

ಈಲ್ಡ್ ಇಲ್ಲದಿದ್ದರೆ ಟಾಸ್ಕ್ ಮುಂದಿನ ಟಿಕ್‌ವರೆಗೂ ಮಲಗಿರುತ್ತದೆ. ನಿಧಾನ ಆಗುತ್ತದೆ, ಆದರೆ ಬೈಟ್ ಕಳೆಯಲ್ಲ. ಬೈಟ್ ಆಗಲೇ ಕ್ಯೂನಲ್ಲಿದೆ.

ನಾನಾಗಿದ್ದರೆ ಡಿಎಂಎ (ಪ್ರೊಸೆಸರ್ ಕೈ ಹಾಕದೆ ಬೈಟ್‌ಗಳನ್ನು ಮೆಮೊರಿಗೆ ಸಾಗಿಸುವ ಭಾಗ) ಹಾಕಿ, ತಂತಿ ಸುಮ್ಮನಾದಾಗ ಏಳುವ ಐಡಲ್ ಲೈನ್ ಇಂಟರಪ್ಟ್ ಬಂದಾಗ ಫ್ರೇಮ್ ಎತ್ತಿಕೊಳ್ಳುತ್ತಿದ್ದೆ. ಸೋಲಾರ್ ಪಂಪ್‌ನ ಡ್ರೈವ್ ಓದಲು ಹಾಗೇ ಮಾಡಿದ್ದೇನೆ.

ಸಾಧನಕೇರಿ ಸ್ಕೋಪ್ (ಧಾರವಾಡ)

ಡಿಎಂಎ ಹಾಕಿದರೆ ರೋಗ ಮುಚ್ಚಿಹೋಗಬಹುದು. ಮೊದಲು ಕಾರಣ ಸಿಗಲಿ. ಐಎಸ್‌ಆರ್ ಹೀಗೆ ಮಾಡಿ:

ಸ್ಥಿತಿ = ಸ್ಟೇಟಸ್ ರಿಜಿಸ್ಟರ್ ಓದು
ಬೈಟ್ = ಡೇಟಾ ರಿಜಿಸ್ಟರ್ ಓದು
ಸ್ಥಿತಿಯಲ್ಲಿ ಓವರ್‌ರನ್ ಇದ್ದರೆ: ಓವರ್‌ರನ್_ಎಣಿಕೆ ಒಂದು ಹೆಚ್ಚಿಸು, ಫ್ರೇಮ್_ಕೆಟ್ಟಿದೆ ಅಂತ ಗುರುತು ಹಾಕು
ಬೈಟನ್ನು ಬಫರ್‌ಗೆ ಹಾಕು
ಟಾಸ್ಕ್ ಎದ್ದಿದ್ದರೆ ಈಲ್ಡ್ ಮಾಡು

ಓದುವ ಕ್ರಮ ಬದಲಿಸಬೇಡಿ. ಎಫ್1ರಲ್ಲಿ ಓವರ್‌ರನ್ ಫ್ಲ್ಯಾಗ್ ಅಳಿಸುವ ದಾರಿ ಇದೇ: ಮೊದಲು ಸ್ಟೇಟಸ್, ಆಮೇಲೆ ಡೇಟಾ. ಬೈಟ್ ಬಂದ ಫ್ಲ್ಯಾಗ್ ಇದ್ದರೆ ಮಾತ್ರ ಡೇಟಾ ಓದುವ ಕೋಡ್‌ನಲ್ಲಿ ಇನ್ನೊಂದು ಗುಂಡಿ ಇದೆ. ಸ್ಟೇಟಸ್ ಓದಿದ ಮೇಲೆ, ಡೇಟಾ ಓದುವ ಮುಂಚಿನ ಸಣ್ಣ ಸಂದಿಯಲ್ಲಿ ಓವರ್‌ರನ್ ಆದರೆ ಆ ಫ್ಲ್ಯಾಗ್ ಒಂಟಿಯಾಗಿ ಉಳಿಯುತ್ತದೆ. ಅದಕ್ಕೂ ಅದೇ ಇಂಟರಪ್ಟ್ ಏಳುತ್ತದೆ. ಡೇಟಾ ಓದಲಿಲ್ಲ, ಫ್ಲ್ಯಾಗ್ ಹೋಗಲಿಲ್ಲ, ಐಎಸ್‌ಆರ್‌ನಿಂದ ಹೊರಬಂದ ಕೂಡಲೇ ಮತ್ತೆ ಒಳಗೆ. ಆಗ ಟಾಸ್ಕ್‌ಗಳಿಗೆ ಅನ್ನ ಇಲ್ಲ.

ಎಣಿಕೆಯನ್ನು ಚೀಟಿಯ ಮೂಲೆಯಲ್ಲಿ ಸಣ್ಣಗೆ ಮುದ್ರಿಸಿ. ಬ್ಯಾಡಗಿಗೆ ಹೋಗಿ ಕೂರುವ ಕೆಲಸ ಉಳಿಯುತ್ತದೆ.

ಗೋಕುಲ ರೋಡ್ ಸೋಲ್ಡರ್ (ಹುಬ್ಬಳ್ಳಿ)

ಮೂಲೆಯಲ್ಲಿ ಮುದ್ರಿಸಿದೆ. ಅಂಗಡಿಯ ಹುಡುಗ ಚೀಟಿಗಳ ಫೋಟೋ ಕಳಿಸುತ್ತಿದ್ದಾನೆ. ನೋಡಿ ತಲೆ ತಿರುಗಿತು.

ಎಣಿಕೆ ಏರುತ್ತದೆ, ಆದರೆ ತುಂಬಾ ಅಪರೂಪಕ್ಕೆ, ಪ್ರತಿ ಸಲ ಒಂದೇ ಒಂದು. ಏರಿದ ಚೀಟಿಗಳು 3072, 3200, 3328. ಮೂರರಲ್ಲೂ ತೂಕ ಸರಿಯಾಗೇ ಇದೆ! ಹಾಗಾದರೆ ಓವರ್‌ರನ್‌ಗೂ ತಪ್ಪು ತೂಕಕ್ಕೂ ಸಂಬಂಧ ಇಲ್ಲವಾ? ಹಿಂದೆ ತಪ್ಪು ಬಂದ ಚೀಟಿಗಳು ಅಂಗಡಿಯವರ ಹತ್ತಿರ ಪಿನ್ ಹೊಡೆದು ಇಟ್ಟಿದ್ದಾರೆ: 1408, 2304, 2944.

ಬೆಟಗೇರಿ ಮೀಟರ್ (ಗದಗ)

ತಡೀರಿ. ಆರೂ ಸಂಖ್ಯೆ 128ರಿಂದ ಭಾಗ ಹೋಗ್ತವೆ. 11, 18, 23, ಆಮೇಲೆ 24, 25, 26.

ಚೀಟಿ ನಂಬರನ್ನು ಎಲ್ಲಿ ಸೇವ್ ಮಾಡುತ್ತಿದ್ದೀರಿ?

ಗೋಕುಲ ರೋಡ್ ಸೋಲ್ಡರ್ (ಹುಬ್ಬಳ್ಳಿ)

ಚಿಪ್‌ನ ಒಳಗಿನ ಫ್ಲ್ಯಾಶ್ ಮೆಮೊರಿಯಲ್ಲಿ! ಈಗ ಆ ಫೈಲ್ ತೆಗೆದು ನೋಡಿದೆ. ಸ್ವಿಚ್ ಒತ್ತಿದ ಕೂಡಲೇ ಮೊದಲು ಚೀಟಿ ನಂಬರ್ 4 ಬೈಟ್, ಸಮಯ 4 ಬೈಟ್ ಕೊನೆಯ ಪೇಜಿಗೆ ಬರೆಯುತ್ತದೆ. ಕರೆಂಟ್ ಹೋಗಿ ಬಂದರೆ ಒಂದೇ ನಂಬರ್ ಎರಡು ಸಲ ಬರಬಾರದು ಅಂತ. ಅದಾದ ಮೇಲೆ ಬರುವ ಮೊದಲ ಫ್ರೇಮ್‌ನ ತೂಕ ತೆಗೆದುಕೊಳ್ಳುತ್ತದೆ. ಪೇಜ್ 1 ಕೆಬಿ, ಒಂದು ದಾಖಲೆ 8 ಬೈಟ್, ಹಾಗಾಗಿ 128 ದಾಖಲೆ. ತುಂಬಿದಾಗ ಪೇಜ್ ಅಳಿಸಿ ಮೊದಲಿನಿಂದ ಶುರು.

ಆದರೆ ಅಳಿಸುವ ಟಾಸ್ಕ್ ಯಾವ ಇಂಟರಪ್ಟನ್ನೂ ಬಂದ್ ಮಾಡುತ್ತಿಲ್ಲ. ಪ್ರಯಾರಿಟಿ 6ರ ಐಎಸ್‌ಆರ್ ನಡುವೆ ಓಡಬಹುದಲ್ವಾ?

ಸಾಧನಕೇರಿ ಸ್ಕೋಪ್ (ಧಾರವಾಡ)

ಓಡೋಕೆ ಆಗಲ್ಲ. ಯಾಕಂದರೆ ಐಎಸ್‌ಆರ್‌ನ ಕೋಡ್ ಕೂಡ ಅದೇ ಫ್ಲ್ಯಾಶ್‌ನಲ್ಲಿದೆ. ಈ ಚಿಪ್ ಪೇಜ್ ಅಳಿಸುವಾಗ ಫ್ಲ್ಯಾಶ್‌ನಿಂದ ಏನು ಓದಲು ಹೋದರೂ ಬಸ್ ನಿಂತುಬಿಡುತ್ತದೆ. ಮುಂದಿನ ಇನ್‌ಸ್ಟ್ರಕ್ಷನ್ ಬರಲ್ಲ, ಐಎಸ್‌ಆರ್‌ಗಳ ವಿಳಾಸ ಇರುವ ವೆಕ್ಟರ್ ಟೇಬಲ್ ಬರಲ್ಲ, ಪ್ರೊಸೆಸರ್ ನಿಂತಲ್ಲೇ ನಿಲ್ಲುತ್ತದೆ. ಇಂಟರಪ್ಟ್ ಬಂದ್ ಮಾಡಿಲ್ಲ, ಪ್ರಯಾರಿಟಿ ಎಲ್ಲಾ ಸರಿ ಇದೆ, ಆದರೂ ಯಾರೂ ಓಡುತ್ತಿಲ್ಲ. ಆರ್‌ಟಿಒಎಸ್‌ಗೂ ಗೊತ್ತಾಗಲ್ಲ, ಅದರ ಟಿಕ್ ಕೂಡ ನಿಂತಿರುತ್ತದೆ.

ಡೇಟಾಶೀಟ್ ಪ್ರಕಾರ ಪೇಜ್ ಅಳಿಸಲು 20ರಿಂದ 40 ಮಿಲಿಸೆಕೆಂಡ್. ನಿಮ್ಮ ಬೈಟಿಗೆ 1.04. ಒಂದು ಸಲಕ್ಕೆ ಹತ್ತೊಂಬತ್ತರಿಂದ ಮೂವತ್ತೆಂಟು ಬೈಟ್ ಗಾಳಿಗೆ. ಫ್ಲ್ಯಾಗ್ ಒಂದೇ ಇರುವುದರಿಂದ ಎಷ್ಟೇ ಬೈಟ್ ಹೋದರೂ ಎಣಿಕೆ ಏರುವುದು ಒಂದೇ. ಬರೀ ಬರೆಯುವಾಗ ತೊಂದರೆ ಇಲ್ಲ, 16 ಬಿಟ್ ಬರೆಯಲು ಹೆಚ್ಚೆಂದರೆ 70 ಮೈಕ್ರೋಸೆಕೆಂಡ್. 8 ಬೈಟಿಗೆ ನಾಲ್ಕು ಸಲ, 0.3 ಮಿಲಿಸೆಕೆಂಡ್ ಒಳಗೆ ಮುಗೀತು. ಅದಕ್ಕೇ 127 ಚೀಟಿ ಸರಿ, 128ನೆಯದಕ್ಕೆ ಗಂಡಾಂತರ.

ಈಗ 4.60 ಹೇಗೆ ಹುಟ್ಟಿತು ನೋಡಿ. ಪ್ಲಸ್, ಖಾಲಿ, ಖಾಲಿ, 4 ಬಂದಿದೆ. ಅಲ್ಲಿಂದ 25 ಬೈಟ್ ಹೋಯಿತು ಅಂತ ಇಟ್ಟುಕೊಳ್ಳಿ. ಎರಡು ಪೂರ್ತಿ ಫ್ರೇಮ್ ಅಂದರೆ 24, ಮೇಲೆ ಇನ್ನೊಂದು, ಅದೇ ಆ 8. ಕಿವಿ ತೆರೆದಾಗ ಸಿಗುವುದು ಚುಕ್ಕೆ, 6, 0, ಕೆ, ಜಿ. ಹೊಲಿಗೆ ಕಾಣದ ಹಾಗೆ 4.60 ಕೆಜಿ ತಯಾರು. ಕತ್ತರಿ ಬೇರೆ ಜಾಗದಲ್ಲಿ ಬಿದ್ದರೆ ಕಸದ ಫ್ರೇಮ್ ಆಗಿ ಪಾರ್ಸರ್ (ಫ್ರೇಮ್ ಬಿಡಿಸಿ ಓದುವ ಕೋಡ್) ಎಸೆಯುತ್ತದೆ, ಮುಂದಿನ ಸರಿಯಾದ ಫ್ರೇಮ್ ಮುದ್ರಣ ಆಗುತ್ತದೆ. ನಿಮ್ಮ 3072, 3200, 3328 ಹಾಗೆ ಬಚಾವಾದವು.

ನನಗೆ 4.60ರ ಹೆದರಿಕೆ ಇಲ್ಲ, ಅದನ್ನು ಯಾರಾದರೂ ನೋಡಿ ನಗುತ್ತಾರೆ. ಸರಿಯಾಗಿ 24 ಬೈಟ್ ಹೋದರೆ? ಆ ಹೊತ್ತಿಗೆ ಚೀಲ ಇನ್ನೂ ಅಲ್ಲಾಡುತ್ತಿದ್ದು ಕಾಟಾ 48.60ರಿಂದ 51.35ಕ್ಕೆ ಹೋಗಿದ್ದರೆ? ಮೊದಲ ಫ್ರೇಮ್‌ನ 4, ಆಮೇಲಿನ ಫ್ರೇಮ್‌ನ 1.35. ಚೀಟಿಯಲ್ಲಿ 41.35. ಉದ್ದ ಸರಿಯಾಗಿ 12, ಅಕ್ಷರ ಎಲ್ಲಾ ಶುದ್ಧ. ಕಾಟಾ ಆ ತೂಕವನ್ನು ಒಮ್ಮೆಯೂ ತೋರಿಸಿಲ್ಲ. ಇಂಥದ್ದು ಈಗಾಗಲೇ ಬಂದು ಯಾರ ಕಣ್ಣಿಗೂ ಬೀಳದೆ ಹೋಗಿರಬಹುದು. ಹಾಗಾಗಿ ಉದ್ದ ನೋಡಿ ನಂಬಬೇಡಿ, ಓವರ್‌ರನ್ ಗುರುತು ಇದ್ದ ಫ್ರೇಮನ್ನು ಕಣ್ಣು ಮುಚ್ಚಿ ಎಸೆಯಿರಿ.

ಹಳೇ 8051 (ಧಾರವಾಡ)

ಹಾಗಾದರೆ ಆರ್‌ಟಿಒಎಸ್ ತೆಗೆದು ನನ್ನ ದೊಡ್ಡ ಲೂಪ್ ಹಾಕಿದ್ದರೂ ಇದೇ ಆಗುತ್ತಿತ್ತು. ಸರಿ, ಆ ಮಾತು ವಾಪಸ್. ಆದರೆ ಒಂದು ಹೇಳುತ್ತೇನೆ. ನಾವು ಇಂಥದ್ದನ್ನೆಲ್ಲಾ ಹೊರಗಿನ ಈಈಪ್ರಾಮ್ ಮೆಮೊರಿ ಚಿಪ್‌ಗೆ ಬರೆಯುತ್ತಿದ್ದೆವು. ಪ್ರೋಗ್ರಾಮ್ ಇರುವ ಮನೆಯಲ್ಲೇ ದಿನಾ ಗೋಡೆ ಒಡೆಯುತ್ತಿರಲಿಲ್ಲ.

ಇನ್ನೊಂದು ಯಾರೂ ಹೇಳಲಿಲ್ಲ. ಇರುವುದು ಒಂದೇ ಪೇಜ್. ಅಳಿಸುವ ಆ 20-40 ಮಿಲಿಸೆಕೆಂಡ್‌ನಲ್ಲಿ ಕರೆಂಟ್ ಹೋದರೆ ಹಿಂದಿನ ನಂಬರೂ ಇಲ್ಲ, ಹೊಸದೂ ಇಲ್ಲ. ಯಾವುದಕ್ಕೆ ಹೆದರಿ ಫ್ಲ್ಯಾಶ್‌ಗೆ ಬರೆದರೋ ಅದೇ ಆಗುತ್ತದೆ. ಬೇಸಿಗೆಯಲ್ಲಿ ಬ್ಯಾಡಗಿಯ ಕರೆಂಟ್ ಹೇಗೆ ಅಂತ ನಾನು ಹೇಳಬೇಕಾ?

ಆರನೇ ಸೆಮ್ (ಹುಬ್ಬಳ್ಳಿ)

ಸರ್, ಐಎಸ್‌ಆರ್ ಅನ್ನು ರ್‍ಯಾಮ್‌ಗೆ ಕಾಪಿ ಮಾಡಿ ಅಲ್ಲಿಂದ ಓಡಿಸಬಹುದಲ್ವಾ? ವೆಕ್ಟರ್ ಟೇಬಲ್ ಕೂಡ ರ್‍ಯಾಮ್‌ಗೆ ತಂದರೆ ಫ್ಲ್ಯಾಶ್ ಕಡೆ ಹೋಗೋದೇ ಬೇಡ.

ಸಾಧನಕೇರಿ ಸ್ಕೋಪ್ (ಧಾರವಾಡ)

ಒಳ್ಳೆ ಯೋಚನೆ, ಆಗುತ್ತದೆ ಕೂಡ. ಆದರೆ ಐಎಸ್‌ಆರ್ ಕರೆಯುವ ಸ್ಟ್ರೀಮ್ ಬಫರ್ ಫಂಕ್ಷನ್ ಎಲ್ಲಿದೆ? ಫ್ಲ್ಯಾಶ್‌ನಲ್ಲಿ. ಅದನ್ನು ಕರೆದ ಕೂಡಲೇ ಮತ್ತೆ ನಿಂತೆ. ಟಿಕ್ ಇಂಟರಪ್ಟ್ ಬಂದರೆ ಕರ್ನಲ್ ಕೋಡ್ ಫ್ಲ್ಯಾಶ್‌ನಲ್ಲಿ, ಮತ್ತೆ ನಿಂತೆ. ಅಳಿಸುವುದು ಮುಗಿಯಿತಾ ಅಂತ ಕಾಯುವ ಲೂಪ್ ಕೂಡ ರ್‍ಯಾಮ್‌ನಲ್ಲಿರಬೇಕು. ಒಂದೊಂದೇ ಎಳೆದು ತರುತ್ತಾ ಹೋದರೆ ಇರುವ 20 ಕೆಬಿ ರ್‍ಯಾಮ್‌ಗೆ ಅರ್ಧ ಕರ್ನಲ್ ಬಂದು ಕೂರುತ್ತದೆ. ಬೂಟ್‌ಲೋಡರ್‌ನಂಥ ಸಣ್ಣ ಕೆಲಸಕ್ಕೆ ಈ ದಾರಿ ಸರಿ.

ಇಲ್ಲಿ ಈಗ ಡಿಎಂಎ ಸರಿಯಾದ ಮದ್ದು. ಪ್ರೊಸೆಸರ್ ನಿಂತಿದ್ದರೂ ಡಿಎಂಎ ನಿಲ್ಲಲ್ಲ, ಯುಆರ್ಟ್‌ನಿಂದ ಎತ್ತಿ ರ್‍ಯಾಮ್‌ಗೆ ಹಾಕುತ್ತಲೇ ಇರುತ್ತದೆ. ಅದಕ್ಕೆ ಫ್ಲ್ಯಾಶ್ ಮುಟ್ಟುವ ಕೆಲಸ ಇಲ್ಲ.

ರಾಣೆಬೆನ್ನೂರು ಪಂಪ್ (ಹಾವೇರಿ)

ಆದರೆ ನಾನು ಮೊದಲು ಹೇಳಿದ ಐಡಲ್ ಇಂಟರಪ್ಟ್ ಇಲ್ಲಿ ಕೆಲಸಕ್ಕೆ ಬರಲ್ಲ. ಲೈನ್ ಒಂದು ಅಕ್ಷರದಷ್ಟು ಹೊತ್ತು ಸುಮ್ನಿದ್ದರೆ ಮಾತ್ರ ಐಡಲ್. ನಿಮ್ಮ ಇಂಡಿಕೇಟರ್ ಉಸಿರೇ ಬಿಡಲ್ಲ ಅಂತೀರಿ. ನನ್ನ ಪಂಪ್ ಡ್ರೈವ್‌ನ ಮಾತಿನ ನಿಯಮ ಮಾಡ್‌ಬಸ್, ಕೇಳಿದರೆ ಮಾತ್ರ ಉತ್ತರ ಕೊಡುತ್ತದೆ, ಫ್ರೇಮ್ ನಡುವೆ ಮೂರೂವರೆ ಅಕ್ಷರದಷ್ಟು ಮೌನ ಕಡ್ಡಾಯ. ಅಲ್ಲಿ ಐಡಲ್ ಸರಿ.

ನೀವು ಹೀಗೆ ಮಾಡಿ. ಡಿಎಂಎ ಸರ್ಕ್ಯುಲರ್ ಮೋಡ್ (ತುಂಬಿದರೆ ಮತ್ತೆ ಮೊದಲಿನಿಂದ), 128 ಬೈಟ್ ಬಫರ್. 9600ಕ್ಕೆ ಅದು ತುಂಬಲು 133 ಮಿಲಿಸೆಕೆಂಡ್ ಬೇಕು, 40ರ ಸ್ತಬ್ಧತೆಗೆ ಆರಾಮ. ಟಾಸ್ಕ್ 10 ಮಿಲಿಸೆಕೆಂಡ್‌ಗೆ ಒಮ್ಮೆ ಎದ್ದು ಡಿಎಂಎಯ ಉಳಿದ ಎಣಿಕೆ ಓದಲಿ. 128ರಿಂದ ಅದನ್ನು ಕಳೆದರೆ ಡಿಎಂಎ ಎಲ್ಲಿಯವರೆಗೆ ಬರೆದಿದೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ಓದಿ, ಎಲ್‌ಎಫ್ ಸಿಕ್ಕಲ್ಲಿ ಫ್ರೇಮ್ ಕತ್ತರಿಸಿ. ಪ್ರತಿ ಬೈಟಿನ ಇಂಟರಪ್ಟ್ ಬೇಕೇ ಇಲ್ಲ. ಯುಆರ್ಟ್2 ಆದರೆ ರಿಸೀವ್‌ಗೆ ಡಿಎಂಎ1ರ 6ನೇ ಚಾನೆಲ್, ಯುಆರ್ಟ್1 ಆದರೆ 5ನೆಯದು.

ಮೋಡೆಮ್ ಕಡೆ ಮರೀಬೇಡಿ. 115200ರಲ್ಲಿ 40 ಮಿಲಿಸೆಕೆಂಡ್ ಅಂದರೆ 460 ಬೈಟ್. ಅಲ್ಲಿ 1024 ಇಡಿ. ಮೋಡೆಮ್ ಸುಮ್ನಾಗುತ್ತದೆ, ಹಾಗಾಗಿ ಅಲ್ಲಿ ಐಡಲ್ ಹಾಕಬಹುದು.

ಬೆಟಗೇರಿ ಮೀಟರ್ (ಗದಗ)

ಡಿಎಂಎ ಜೊತೆಗೆ ಫ್ಲ್ಯಾಶ್ ಬರೆಯೋದನ್ನೂ ಬಿಡಿ. ಕರೆಂಟ್ ಹೋದರೂ ಮರೆಯದ ಎಫ್‌ಎಂ24ಸಿಎಲ್64 ಅಂತ ಎಫ್‌ರ್‍ಯಾಮ್ ಸಿಗುತ್ತದೆ, ಐ2ಸಿ ಅನ್ನೋ ಎರಡು ತಂತಿಯ ಸಂಪರ್ಕ, 8 ಕೆಬಿ, ನಿಮ್ಮ 8 ಬೈಟ್ ಲೆಕ್ಕಕ್ಕೆ 1024 ದಾಖಲೆ. ಅಳಿಸುವ ಕೆಲಸವೇ ಇಲ್ಲ. ರೊಕ್ಕ ಉಳಿಸಬೇಕು ಅಂದರೆ ಚಿಪ್‌ನಲ್ಲೇ 10 ಬ್ಯಾಕಪ್ ರಿಜಿಸ್ಟರ್ ಇವೆ, ತಲಾ 16 ಬಿಟ್. ವಿಬ್ಯಾಟ್ ಪಿನ್‌ಗೆ ಕಾಯಿನ್ ಸೆಲ್ ಕೊಟ್ಟರೆ ಕರೆಂಟ್ ಹೋದರೂ ನಂಬರ್ ಉಳಿಯುತ್ತದೆ. ಚೀಟಿ ನಂಬರ್‌ಗೆ ಎರಡು ರಿಜಿಸ್ಟರ್ ಸಾಕು. ಸೆಲ್ ಸತ್ತ ದಿನ ಮಾತ್ರ ನಂಬರೂ ಸಾಯುತ್ತದೆ, ಹಾಗಾಗಿ ನನ್ನ ಓಟು ಎಫ್‌ರ್‍ಯಾಮ್‌ಗೆ.

ಗೋಕುಲ ರೋಡ್ ಸೋಲ್ಡರ್ (ಹುಬ್ಬಳ್ಳಿ)

ವರದಿ ಒಪ್ಪಿಸುತ್ತೇನೆ.

ಬದಲಿಸುವ ಮೊದಲು ಹಳೆ ಕೋಡ್‌ನಲ್ಲೇ ಒಂದು ಪರೀಕ್ಷೆ ಮಾಡಿದೆ. ಐಎಸ್‌ಆರ್ ಒಳಗೆ ಬಂದಾಗಲೆಲ್ಲಾ ಒಂದು ಪಿನ್ ಮೇಲೆ ಕೆಳಗೆ ಮಾಡಿಸಿ ಲಾಜಿಕ್ ಅನಲೈಸರ್ ಹಾಕಿದೆ, ಪಕ್ಕದ ಚಾನೆಲ್‌ನಲ್ಲಿ ಕಾಟಾದ ತಂತಿ. 127 ಚೀಟಿವರೆಗೆ ಎರಡೂ ಬಾಚಣಿಗೆ ಹಲ್ಲು ಜೋಡಿಸಿದ ಹಾಗೆ. 128ರಲ್ಲಿ ತಂತಿಯ ಮೇಲೆ ಅಕ್ಷರ ಹೋಗುತ್ತಲೇ ಇವೆ, ಪಿನ್ ಮಾತ್ರ ಸುಮಾರು 26 ಮಿಲಿಸೆಕೆಂಡ್ ಗೆರೆ ಎಳೆದಂತೆ ಸಪಾಟು. ಆಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರು. ಸ್ಕೋಪ್ ಸರ್, ನಿಮ್ಮ 25 ಬೈಟ್ ಲೆಕ್ಕ ಅದರ ಪಕ್ಕ ಇಟ್ಟು ನೋಡಿದೆ, ಕೂತುಕೊಂಡಿತು.

ಈಗ ಡಿಎಂಎ ಇದೆ, ಎಫ್‌ರ್‍ಯಾಮ್ ಬಂದಿದೆ. ಓವರ್‌ರನ್ ಗುರುತು ಇದ್ದರೆ ಆ ಫ್ರೇಮ್ ಕಸಕ್ಕೆ. ಇನ್ನೊಂದು ಸೇರಿಸಿದ್ದೇನೆ: ಬೆನ್ನು ಬೆನ್ನಿಗೆ ಮೂರು ಫ್ರೇಮ್ ಒಂದೇ ತೂಕ ಹೇಳಿದರೆ ಮಾತ್ರ ಚೀಟಿ. ಸೆಕೆಂಡಿಗೆ 80 ಫ್ರೇಮ್ ಬರುತ್ತವೆ, ಮೂರಕ್ಕೆ 40 ಮಿಲಿಸೆಕೆಂಡ್ ಕೂಡ ಬೇಡ, ಹುಡುಗನಿಗೆ ಗೊತ್ತೂ ಆಗಲ್ಲ. ಬೇಕಂತಲೇ ಫ್ಲ್ಯಾಶ್ ಪೇಜ್ ಅಳಿಸುತ್ತಾ ಮೇಜಿನ ಮೇಲೆ ರಾತ್ರಿಯಿಡೀ ಓಡಿಸಿದೆ. ಎಣಿಕೆ ಸೊನ್ನೆ ಬಿಟ್ಟು ಅಲ್ಲಾಡಲಿಲ್ಲ. ಚೀಟಿ ಮೂಲೆಯ ಆ ಸೊನ್ನೆ ತೆಗೆಯಬೇಡಿ ಅಂತ ಅಂಗಡಿಯವರೇ ಹೇಳಿದ್ದಾರೆ.

ಹಳೆ ಚೀಟಿಗಳಲ್ಲಿ 128ರ ಗುಣಕಗಳನ್ನೆಲ್ಲಾ ಹುಡುಕಿ ತೂಕ ತಾಳೆ ನೋಡಲು ಗುಮಾಸ್ತರಿಗೆ ಪಟ್ಟಿ ಕೊಟ್ಟಿದ್ದೇನೆ. 41.35ರಂಥದ್ದು ಸಿಕ್ಕರೆ ಅವರೇ ಖಾತೆ ಸರಿ ಮಾಡುತ್ತಾರಂತೆ.

ಮುಂದಿನ ಬೇಡಿಕೆ ಆಗಲೇ ಬಂದಿದೆ. ರೈತರಿಗೆ ಕಾಣುವ ಹಾಗೆ ಹೊರಗೆ ದೊಡ್ಡ ಡಿಸ್ಪ್ಲೇ ಬೇಕಂತೆ, 60 ಮೀಟರ್ ದೂರ. ದೂರದ ತಂತಿಗೆ ಒಗ್ಗುವ ಆರ್‌ಎಸ್485 ಹಾಕುವವನಿದ್ದೇನೆ. ಮೇಜಿನ ಮೇಲೆ ಅದರ ಮ್ಯಾಕ್ಸ್485 ಚಿಪ್ ಇಟ್ಟು ನೋಡಿದರೆ ಡಿಸ್ಪ್ಲೇ ಬದಲಾಗುವುದೇ ಇಲ್ಲ, ಕಳಿಸಿದ್ದು ಮಾತ್ರ ಹೋಗುತ್ತಿದೆ.

ಬೆಟಗೇರಿ ಮೀಟರ್ (ಗದಗ)

ಪವರ್‌ಲೂಮ್ ಶೆಡ್‌ನ ಮೀಟರ್‌ಗಳಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೋ. ಆ ಚಿಪ್‌ನ ಡಿಇ ಪಿನ್ (ಮೇಲಿದ್ದಾಗ ಮಾತ್ರ ತಂತಿಗೆ ಕಳಿಸುತ್ತದೆ) ಯಾವಾಗ ಇಳಿಸುತ್ತಿದ್ದೀರಿ? ಟಿಎಕ್ಸ್‌ಇ ಫ್ಲ್ಯಾಗ್ ನೋಡಿ ಇಳಿಸಿದರೆ ಕೊನೆಯ ಅಕ್ಷರ ಸಾಯುತ್ತದೆ. ಟಿಎಕ್ಸ್‌ಇ ಅಂದರೆ ಡೇಟಾ ರಿಜಿಸ್ಟರ್ ಖಾಲಿ ಅಂತ ಮಾತ್ರ, ಅಕ್ಷರ ಇನ್ನೂ ಶಿಫ್ಟ್ ರಿಜಿಸ್ಟರ್‌ನಿಂದ ತಂತಿಗೆ ಇಳಿಯುತ್ತಿರುತ್ತದೆ. 9600ಕ್ಕೆ ಇನ್ನೂ ಒಂದು ಮಿಲಿಸೆಕೆಂಡ್ ಬೇಕು. ನಿಮ್ಮ ಕೊನೆಯ ಅಕ್ಷರ ಎಲ್‌ಎಫ್, ಅದು ಹೋದರೆ ಡಿಸ್ಪ್ಲೇ ಫ್ರೇಮ್ ಮುಗಿದೇ ಇಲ್ಲ ಅಂತ ಕಾಯುತ್ತಾ ಕೂರುತ್ತದೆ. ಟಿಸಿ (ಕೊನೆಯ ಬಿಟ್ ಕೂಡ ತಂತಿಗೆ ಹೋಯಿತು ಅನ್ನೋ) ಇಂಟರಪ್ಟ್ ಆನ್ ಮಾಡಿ, ಅದರೊಳಗೆ ಡಿಇ ಇಳಿಸಿ. ಡಿಎಂಎಯಿಂದ ಕಳಿಸಿದರೂ ಇದೇ ನಿಯಮ, ಡಿಎಂಎ ಮುಗಿದದ್ದು ನೋಡಿ ಇಳಿಸಬೇಡಿ. ತಂತಿಯ ಎರಡೂ ತುದಿಗೆ 120 ಓಮ್.

ಗೋಕುಲ ರೋಡ್ ಸೋಲ್ಡರ್ (ಹುಬ್ಬಳ್ಳಿ)

ಟಿಎಕ್ಸ್‌ಇಯೇ ಇತ್ತು ಅಣ್ಣಾ. ಟಿಸಿ ಹಾಕಿದೆ, ಡಿಸ್ಪ್ಲೇ ಓಡುತ್ತಿದೆ. ಡಿಎಂಎ ಮತ್ತು ಟಿಸಿ ಎರಡೂ ಇರುವ ಫೈಲ್ ಸಂಜೆ ಇಲ್ಲೇ ಹಾಕುತ್ತೇನೆ, ಆರನೇ ಸೆಮ್ ಕೇಳಿದ್ದರು.